ನಂದಿನಿ ಲೇಔಟ್‌ನವರ ದುಡಿಮೆ ಎಲ್ಲಿ?

ಪ್ರಶ್ನೆ: ನಮ್ಮ ನಂದಿನಿ ಲೇಔಟ್‌ನ ಈಗಿನ ಜನಸಂಖ್ಯೆ, ಜನರ ಕಸುಬು ತಿಳಿಸುವಿರಾ?

ಉತ್ತರ: 2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಗಿ 2027ಕ್ಕೆ ನಿಂತಿದೆ. ಹಾಗಾಗಿ ಗತಿ 2011ರ ಲೆಕ್ಕವೇ. ಲೇಔಟ್‌ನದ್ದಲ್ಲ, ಇಡೀ ಜಿಲ್ಲೆಯದ್ದು ಹೇಳುವುದಾದರೆ: ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ, ಹತ್ತು ವರ್ಷದಲ್ಲಿ ಶೇ 47 ಏರಿಕೆ. ಅದನ್ನು ನಂಬಿ ಇವತ್ತು ಕಾವೇರಿ ನೀರಿನ ಪೈಪು ಹಾಕಿದರೆ ಕಷ್ಟ!

ಕಸುಬು ತಿಳಿಯಬೇಕಾದರೆ ಬೆಳಿಗ್ಗೆ ಗೊರಗುಂಟೆಪಾಳ್ಯದ ಕಡೆ ಹೋಗಿ ನೋಡಿ. 1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ ಅಲ್ಲೇ ಪಕ್ಕದಲ್ಲಿದೆ. ಲೇತ್ ನಡೆಸುವವರು, ಡೈ ಮಾಡುವವರು, ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್‌ಗೆ ಸರಸರ ನಡೆಯುವ ಹೆಂಗಸರು ಸಿಗುತ್ತಾರೆ. ಮನೆಯ ಮೇಲೆ ಮಹಡಿ ಏರಿಸಿದ ಎಷ್ಟೋ ಮಾಲೀಕರ ಬಾಡಿಗೆ ಆದಾಯ ಇಂಥವರ ಸಂಬಳದಿಂದಲೇ. 2014ರಿಂದ ಮೆಟ್ರೊ ಇರುವುದರಿಂದ ಮಲ್ಲೇಶ್ವರದ ಕಡೆ ದುಡಿಯುವವರಿಗೂ ಇಲ್ಲಿ ಮನೆ ಮಾಡುವುದು ಅನುಕೂಲ.