ತವರಿನ ಋಣ ಮರೆಯದ ಆಟಗಾರ

ತವರು ಮನೆ ಸಿರಿಸಂಪತ್ತಿನಿಂದ ತುಂಬಿರುವಾಗ ಅಲ್ಲಿಗೆ ಹೋಗಿ ಬರಲು ಎಲ್ಲರಿಗೂ ಖುಷಿ. ಅದೇ ಮನೆ ಸಾಲದಲ್ಲಿ ಮುಳುಗಿ, ಬಾಗಿಲು ಮುಚ್ಚುವ ಹಂತಕ್ಕೆ ಬಂದಾಗ ನೆನಪಿಟ್ಟು ಹಿಂದಿರುಗುವವರು ಎಷ್ಟು ಮಂದಿ? ಈ ಪ್ರಶ್ನೆಗೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟವರು ಸ್ಪೇನ್‌ನ ಫುಟ್ಬಾಲ್ ಆಟಗಾರ ಸ್ಯಾಂಟಿ ಕಜೋರ್ಲಾ. ಫುಟ್ಬಾಲ್ ಬಗ್ಗೆ ನಿಮಗೆ ಆಸಕ್ತಿ ಇಲ್ಲದಿರಬಹುದು. ಆದರೂ ಇವರ ಕತೆಯನ್ನು ಒಮ್ಮೆ ಕೇಳಿ.

ಬೀದಿಗೆ ಬಿದ್ದ ತಂಡ

ಸ್ಪೇನ್‌ನ ಉತ್ತರಕ್ಕಿರುವ ಅಸ್ತೂರಿಯಾಸ್ ಪ್ರಾಂತ್ಯದ ಮುಖ್ಯ ನಗರ ಒವಿಯೆಡೊ. ಅದರ ಪಕ್ಕದ ಪುಟ್ಟ ಊರೊಂದರಲ್ಲಿ 1984ರಲ್ಲಿ ಕಜೋರ್ಲಾ ಜನಿಸಿದರು. ಎತ್ತರ ಕಡಿಮೆ, ಮೈಕಟ್ಟು ಸಣ್ಣದು. ಆದರೆ ಎಡಗಾಲಿಗೂ ಬಲಗಾಲಿಗೂ ಚೆಂಡು ಒಂದೇ ರೀತಿ ಮಾತು ಕೇಳುತ್ತಿತ್ತು. 1926ರಲ್ಲಿ ಸ್ಥಾಪನೆಯಾದ ರಿಯಲ್ ಒವಿಯೆಡೊ ಕ್ಲಬ್ಬಿನ ಮಕ್ಕಳ ತಂಡದಲ್ಲಿ ಅವರು ಆಟ ಕಲಿತು ಬೆಳೆದರು. ಆ ಕ್ಲಬ್ಬಿನ ನೀಲಿ ಅಂಗಿ ತೊಟ್ಟು ಹಿರಿಯರ ತಂಡದಲ್ಲಿ ಆಡಬೇಕೆಂಬುದು ಹುಡುಗನ ಕನಸಾಗಿತ್ತು.

ಆ ಕನಸು ಕೈಗೂಡಲಿಲ್ಲ. 2001ರಲ್ಲಿ ಕ್ಲಬ್ ಮೊದಲ ದರ್ಜೆಯಿಂದ ಕೆಳಗಿಳಿಯಿತು. 2003ರಲ್ಲಿ ಎರಡನೇ ದರ್ಜೆಯಿಂದಲೂ ಜಾರಿತು. ಆಟಗಾರರಿಗೆ ಸಂಬಳ ಬಾಕಿ ಉಳಿಸಿಕೊಂಡದ್ದಕ್ಕಾಗಿ ಇನ್ನೂ ಒಂದು ಮೆಟ್ಟಿಲು ಕೆಳಗೆ, ನಾಲ್ಕನೇ ದರ್ಜೆಗೆ ತಳ್ಳಲ್ಪಟ್ಟಿತು. ನಗರಾಡಳಿತ ಕೂಡಾ ಬೇರೊಂದು ತಂಡದ ಬೆನ್ನಿಗೆ ನಿಂತಿತು. ಹದಿನೆಂಟರ ಕಜೋರ್ಲಾ ಅನಿವಾರ್ಯವಾಗಿ ವಿಲ್ಲಾರಿಯಲ್ ತಂಡಕ್ಕೆ ಹೋದರು. ಆದರೆ ಊರ ಜನ ಮಾತ್ರ ತಮ್ಮ ಹಳೆಯ ತಂಡದ ಕೈ ಬಿಡಲಿಲ್ಲ. ಸಣ್ಣಪುಟ್ಟ ಊರುಗಳ ಮೈದಾನಗಳಿಗೂ ಅದರ ಹಿಂದೆ ಹೋದರು.

ಹೆಸರು, ಹಣ ಮತ್ತು ನೆನಪು

ಮುಂದೆ ಕಜೋರ್ಲಾರಿಗೆ ಹೆಸರೂ ಬಂತು, ಹಣವೂ ಬಂತು. 2008 ಮತ್ತು 2012ರಲ್ಲಿ ಯುರೋಪ್ ಕಪ್ ಗೆದ್ದ ಸ್ಪೇನ್ ತಂಡದಲ್ಲಿ ಅವರಿದ್ದರು. 2012ರಲ್ಲಿ ಇಂಗ್ಲೆಂಡಿನ ಆರ್ಸೆನಲ್ ಸೇರಿದರು.

ಅದೇ ವರ್ಷ ನವೆಂಬರ್‌ನಲ್ಲಿ ಒವಿಯೆಡೊ ಕ್ಲಬ್ ದಿವಾಳಿಯ ಅಂಚಿಗೆ ಬಂತು. ಕೆಲವೇ ದಿನಗಳಲ್ಲಿ ಸುಮಾರು 20 ಲಕ್ಷ ಯುರೋ ಹೊಂದಿಸದಿದ್ದರೆ ಕ್ಲಬ್ ಮುಚ್ಚಿಹೋಗುತ್ತಿತ್ತು. ಷೇರೊಂದಕ್ಕೆ 10.75 ಯುರೋ, ಅಂದರೆ ಆಗಿನ ಲೆಕ್ಕದಲ್ಲಿ ನಮ್ಮ ಏಳೂವರೆ ನೂರು ರೂಪಾಯಿಯಷ್ಟು. ಕಜೋರ್ಲಾ, ಹುವಾನ್ ಮಾಟಾ, ಮಿಚು ಮೊದಲಾದ ಹಳೆಯ ಹುಡುಗರು ಷೇರು ಕೊಂಡರು. 60ಕ್ಕೂ ಹೆಚ್ಚು ದೇಶಗಳಿಂದ 20 ಸಾವಿರಕ್ಕೂ ಅಧಿಕ ಮಂದಿ ತಮ್ಮ ಕೈಲಾದಷ್ಟು ಕೊಟ್ಟರು. ಕೊನೆಗೆ ಮೆಕ್ಸಿಕೊದ ಸಿರಿವಂತ ಕಾರ್ಲೋಸ್ ಸ್ಲಿಮ್ 20 ಲಕ್ಷ ಯುರೋ ತೊಡಗಿಸಿದರು. ಕ್ಲಬ್ ಉಳಿಯಿತು.

ಕಾಲು ಉಳಿದೀತೇ?

ಮತ್ತೊಬ್ಬರ ಕಷ್ಟಕ್ಕೆ ಕೈ ಚಾಚಿದವರಿಗೇ ನಾಲ್ಕು ವರ್ಷಗಳ ಬಳಿಕ ದೊಡ್ಡ ಕಷ್ಟ ಎದುರಾಯಿತು. 2016ರ ಅಕ್ಟೋಬರ್‌ನಲ್ಲಿ ಪಂದ್ಯವೊಂದರಲ್ಲಿ ಬಲಗಾಲು ನೋಯತೊಡಗಿತು. ಶಸ್ತ್ರಚಿಕಿತ್ಸೆಯಾಯಿತು, ಆದರೆ ಗಾಯ ಮಾಗಲಿಲ್ಲ. ಹೊಲಿಗೆ ಹಾಕಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಒಳಗೆ ಸೋಂಕು ಹರಡಿ ಮಾಂಸ ಕೊಳೆಯತೊಡಗಿತ್ತು. ಹಿಮ್ಮಡಿಯ ಸ್ನಾಯುರಜ್ಜುವಿನ ಸುಮಾರು 8 ಸೆಂಟಿಮೀಟರ್ ಭಾಗವನ್ನು ಬ್ಯಾಕ್ಟೀರಿಯಾ ತಿಂದುಹಾಕಿತ್ತು. ಕಾಲನ್ನೇ ಕತ್ತರಿಸಬೇಕಾದೀತೆಂಬ ಭಯವೂ ಇತ್ತು. ಮಗನ ಜೊತೆ ತೋಟದಲ್ಲಿ ನಡೆದಾಡುವಷ್ಟಾದರೆ ಅದಕ್ಕೇ ತೃಪ್ತಿಪಡಬೇಕು ಎಂದಿದ್ದರು ವೈದ್ಯರು.

ಒಂದಾದ ಮೇಲೊಂದರಂತೆ ಕನಿಷ್ಠ ಎಂಟು ಶಸ್ತ್ರಚಿಕಿತ್ಸೆಗಳಾದವು. ಕಾಲಿನ ಗಾಯ ಮುಚ್ಚಲು ತೋಳಿನ ಚರ್ಮವನ್ನು ತೆಗೆದು ಅಂಟಿಸಲಾಯಿತು. ಆ ತೋಳಿನ ಮೇಲೆ ಅವರು ಮಗಳ ಹೆಸರನ್ನು ಹಚ್ಚೆ ಹಾಕಿಸಿಕೊಂಡಿದ್ದರು. ಈಗ ಆ ಹೆಸರಿನ ಅರ್ಧ ತೋಳಿನಲ್ಲಿ, ಇನ್ನರ್ಧ ಪಾದದ ಬಳಿ! ತಿಂಗಳುಗಟ್ಟಲೆ ಮನೆಮಂದಿಯಿಂದ ದೂರ ಉಳಿದು ಚಿಕಿತ್ಸೆ, ವ್ಯಾಯಾಮದಲ್ಲೇ ಕಾಲ ಕಳೆದರು. ಸುಮಾರು ಎರಡು ವರ್ಷಗಳ ಬಳಿಕ, 2018ರಲ್ಲಿ ಮತ್ತೆ ವಿಲ್ಲಾರಿಯಲ್ ಪರ ಮೈದಾನಕ್ಕಿಳಿದರು. 2019ರಲ್ಲಿ ರಾಷ್ಟ್ರೀಯ ತಂಡದಿಂದಲೂ ಕರೆ ಬಂತು. ಆಮೇಲೆ ಮೂರು ವರ್ಷ ಕತಾರ್‌ನಲ್ಲಿ ಆಡಿದರು.

ಮರಳಿ ತವರಿಗೆ

ವಯಸ್ಸು 38. ಇನ್ನು ಆರಾಮವಾಗಿ ಕುಳಿತು ಉಣ್ಣುವಷ್ಟು ಸಂಪಾದನೆ ಇತ್ತು. ಆದರೆ 2023ರಲ್ಲಿ ಕಜೋರ್ಲಾ ಹೋದದ್ದು ಆಗ ಎರಡನೇ ದರ್ಜೆಯಲ್ಲಿದ್ದ ಒವಿಯೆಡೊಗೆ. ಸಂಬಳವಿಲ್ಲದೆಯೇ ಆಡಲು ಅವರು ಸಿದ್ಧರಿದ್ದರು. ನಿಯಮ ಅದನ್ನು ಒಪ್ಪುವುದಿಲ್ಲ. ಹಾಗಾಗಿ ನಿಯಮದಂತೆ ಕೊಡಲೇಬೇಕಾದ ಕನಿಷ್ಠ ಸಂಬಳಕ್ಕೆ ಸಹಿ ಹಾಕಿದರು. ತನ್ನ ಹೆಸರಿನ ಅಂಗಿಗಳ ಮಾರಾಟದ ಶೇಕಡಾ 10ರಷ್ಟು ಹಣ ಕ್ಲಬ್ಬಿನ ಮಕ್ಕಳ ತರಬೇತಿಗೆ ಹೋಗಬೇಕೆಂದು ಕೇಳಿಕೊಂಡರು. ಬಾಲ್ಯದಲ್ಲಿ ಕಂಡ ಕನಸು, ಒವಿಯೆಡೊದ ಹಿರಿಯರ ತಂಡದಲ್ಲಿ ಮೊದಲ ಪಂದ್ಯ, ಇಪ್ಪತ್ತು ವರ್ಷಗಳ ಬಳಿಕ ನನಸಾಯಿತು.

2024ರಲ್ಲಿ ಮೇಲಿನ ದರ್ಜೆಗೇರುವ ಅವಕಾಶ ಕೊನೆಯ ಪಂದ್ಯದಲ್ಲಿ ಕೈತಪ್ಪಿತು. ಅವರು ಬಿಟ್ಟು ಹೋಗಲಿಲ್ಲ. 2025ರ ಜೂನ್ 21ರಂದು ಮಿರಾಂದೇಸ್ ವಿರುದ್ಧ ತವರಿನ ಮೈದಾನದಲ್ಲಿ ನಿರ್ಣಾಯಕ ಪಂದ್ಯ. ಮೊದಲ ಸುತ್ತಿನಲ್ಲಿ ಸೋತಿದ್ದ ಒವಿಯೆಡೊ ಅಂದೂ ಮೊದಲಿಗೆ ಹಿಂದೆ ಬಿತ್ತು. ಪೆನಾಲ್ಟಿ ಸಿಕ್ಕಾಗ ಚೆಂಡಿನ ಮುಂದೆ ನಿಂತವರು 40ರ ಹರೆಯದ ಕಜೋರ್ಲಾ. ಒಮ್ಮೆ ಕತ್ತರಿಸಬೇಕಾದೀತೆಂದು ಹೆದರಿಸಿದ್ದ ಕಾಲು ಈಗ ಊರಿನ ಆಸೆಯನ್ನೆಲ್ಲ ಹೊತ್ತು ನಿಂತಿತ್ತು. ಗೋಲು! ಹೆಚ್ಚುವರಿ ಸಮಯದಲ್ಲಿ ತಂಡ 3-1ರಿಂದ ಗೆದ್ದು 24 ವರ್ಷಗಳ ಬಳಿಕ ಮೊದಲ ದರ್ಜೆಗೆ ಮರಳಿತು.

ನಮ್ಮ ಮಕ್ಕಳ ಕೋಣೆಯ ಗೋಡೆಗಳಲ್ಲೂ ಆಟಗಾರರ ಚಿತ್ರಗಳಿರುತ್ತವೆ. ಅವರ ಕಾರು, ಬಂಗಲೆ, ಸಂಬಳದ ಲೆಕ್ಕ ಮಕ್ಕಳಿಗೆ ಬಾಯಿಪಾಠ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಈ ಲೆಕ್ಕವನ್ನೂ ಅವರಿಗೆ ಹೇಳಿ: ಎಷ್ಟು ಗಳಿಸಿದ ಎಂಬುದರ ಜೊತೆಗೆ, ಬೆಳೆಸಿದವರಿಗೆ ಎಷ್ಟು ಹಿಂದಿರುಗಿಸಿದ ಎಂಬ ಲೆಕ್ಕ.