ಪ್ರಣಯದೇವತೆಗಳೂ ವಾಜೀಕರಣ ಸಸ್ಯಗಳೂ

ಕಾಮನಿಗೆ ಕಬ್ಬಿನ ಬಿಲ್ಲು. ಅರವಿಂದ, ಅಶೋಕ, ಚೂತ, ನವಮಲ್ಲಿಕಾ, ನೀಲೋತ್ಪಲಗಳೆಂಬ ಐದು ಬಾಣಗಳು. 13ನೆಯ ಶತಮಾನದಲ್ಲಿ ಆಂಡಯ್ಯನು ಈ ಕಾಮನನ್ನೇ ‘ಕಬ್ಬಿಗರ ಕಾವ’ದ ನಾಯಕನನ್ನಾಗಿ ಮಾಡಿದನು. ಗ್ರೀಕ್ ಪುರಾಣಗಳ ಅಫ್ರೊಡೈಟಿಗೆ ಮರ್ಟಲ್ ಗಿಡವೂ ಸೇಬೂ ಮೀಸಲಾಗಿದ್ದುವು. ಇವೆಲ್ಲವೂ ಪ್ರಣಯದ ಸಂಕೇತಗಳು. ವೈದ್ಯರು ಬಳಸಿದ ವಾಜೀಕರಣ ಸಸ್ಯಗಳಾದರೋ ಬೇರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 2ನೆಯ ಅಧ್ಯಾಯದಲ್ಲಿ ಎದ್ದು ಕಾಣುವುವು ಉದ್ದು, ನಸುಗುನ್ನಿ ಮೊದಲಾದುವು. ಗ್ರೀಸಿನಲ್ಲಿಯೂ ಹಾಗೆಯೇ; ಥಿಯೊಫ್ರಾಸ್ಟಸನು ಪ್ರಣಯೌಷಧವಾಗಿ ಹೆಸರಿಸಿದುದು ಮ್ಯಾಂಡ್ರೇಕಿನ ಬೇರನ್ನು. ಅದು ನಮ್ಮ ಹಿರೇಮದ್ದಿನ, ಎಂದರೆ ಅಶ್ವಗಂಧದ, ಕುಟುಂಬಕ್ಕೇ ಸೇರಿದುದಾದರೂ ವಿಷಯುಕ್ತವಾದುದು. ಆದುದರಿಂದ ಪುರಾಣದ ಮಾತನ್ನು ಚಿಕಿತ್ಸೆಗೆ ಆಧಾರವೆಂದು ಭಾವಿಸುವುದು ಇತಿಹಾಸಕಾರನಿಗೆ ಪ್ರಮಾದ, ಸೇವಿಸುವವನಿಗೆ ಪ್ರಾಣಾಪಾಯ.