ಸೂರಿನ ನೀರಿಗೆ ದಾರಿ ಮಾಡಿ

ಮಣ್ಣಿನ ಗೋಡೆ ಕುಸಿಯೋದಕ್ಕೆ ಜೋರು ಮಳೆಯೇ ಬೇಕಿಲ್ಲ. ಬುಡದಲ್ಲಿ ನೀರು ನಿಂತರೆ ಸಾಕು. ಸೂರಿನಿಂದ ಇಳಿದ ನೀರು ಅಲ್ಲೇ ಇಂಗಿ ತಳಪಾಯವನ್ನು ಮೆತ್ತಗೆ ಮಾಡುತ್ತದೆ.

ಆದ್ದರಿಂದ ಮುಂಗಾರಿಗೆ ಮುಂಚೆಯೇ ಗೋಡೆಯ ಸುತ್ತ ಮಣ್ಣು ಏರಿಸಿ, ಗಟ್ಟಿಯಾಗಿ ಬಡಿಯಿರಿ. ಗೋಡೆಯಿಂದ ಆಚೆಗೆ 10 ಅಡಿಗೆ ಅರ್ಧ ಅಡಿ ಇಳಿಜಾರಿರಲಿ. ಅದರಾಚೆ ಬಸಿಗಾಲುವೆ ತೋಡಿ. ಒಂದು ಬಿಂದಿಗೆ ನೀರು ಸುರಿದು ನೋಡಿ. ಎಲ್ಲಿ ನಿಂತೀತೋ ಅಲ್ಲಿ ತಗ್ಗಿದೆ ಅಂತ ತಿಳಿಯಿರಿ.

ಬಚ್ಚಲ ನೀರನ್ನು ಹಿತ್ತಲ ಬಾಳೆಗೆ ತಿರುಗಿಸಿ. ಆದರೆ ಒಂದೇ ಪಾತಿಯಲ್ಲಿ ನಿಲ್ಲಿಸಬೇಡಿ; ಬೇರು ಕೊಳೀತದೆ. ನಿಂತ ನೀರಲ್ಲಿ ವಾರ ಹತ್ತು ದಿನಕ್ಕೇ ಸೊಳ್ಳೆ ಹುಟ್ಟಿ ಹಾರುತ್ತದೆ. ಕುಡಿಯುವ ಬಾವಿಯತ್ತ ಈ ನೀರು ಸುಳಿಯಲೇಬಾರದು. ನೆರೆಯವರ ಅಂಗಳಕ್ಕೂ ಬಿಡಬೇಡಿ.

ಬಿಸಿಲಿರುವಾಗಲೇ ಗುದ್ದಲಿ ಹಿಡಿಯಿರಿ. ಗೋಡೆಯೂ ಉಳೀತದೆ, ಬಾಳೆಯೂ ಬೆಳೀತದೆ.